ಬರೀ ನೀರು

“ಮತ್ತೆ ಕೂಗಿತು!”

ತಂಗಿ ಕೈಗವಸು ಕಿತ್ತು ಮೇಜಿನ ಮೇಲೆ ಬಿಸಾಕಿದಳು. ಅಂಗೈಯಗಲದ ಕಪ್ಪು ಪೆಟ್ಟಿಗೆ ಅವಳ ಸಿಟ್ಟಿಗೆ ಕಿಮ್ಮತ್ತು ಕೊಡದೆ ಕುಂಯ್ ಕುಂಯ್ ಎನ್ನುತ್ತಲೇ ಇತ್ತು. ಪರದೆಯ ಮೇಲೆ ನೆಟ್ಟಗೆ ಹೋಗಬೇಕಾಗಿದ್ದ ಹಸಿರು ಗೆರೆ ಒಂದೇ ನೆಗೆತಕ್ಕೆ ಮೇಲೇರಿ ಅಲ್ಲೇ ಠಿಕಾಣಿ ಹೂಡಿತ್ತು.

“ಯಾವುದಕ್ಕೆ?” ಎಂದು ಪ್ರಯೋಗಾಲಯದ ಮುಖ್ಯಸ್ಥರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

“ಇನ್ಯಾವುದಕ್ಕೆ ಸಾರ್? ಬರೀ ನೀರಿಗೆ!”

ಅವಳಿಗೆ ತಂಗಿ ಎಂಬ ಹೆಸರು ಬಿದ್ದದ್ದು ಅಕ್ಕನಿಂದ. ಅಕ್ಕ ಅದೇ ಕಟ್ಟಡದ ನೆಲಮಹಡಿಯಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ಮೇಲಿನ ಮಹಡಿಗಳ ಕಚೇರಿಗಳಲ್ಲಿ ದುಡಿಯುವ ಅಪ್ಪ ಅಮ್ಮಂದಿರೆಲ್ಲ ಬೆಳಿಗ್ಗೆ ಮಕ್ಕಳನ್ನು ಅವಳ ಮಡಿಲಿಗೆ ಹಾಕಿಯೇ ಲಿಫ್ಟು ಹತ್ತುತ್ತಿದ್ದರು. ಹಾಗಾಗಿ ಅವಳು ಇಡೀ ಕಟ್ಟಡಕ್ಕೆ ಅಕ್ಕ, ಇವಳು ಇಡೀ ಕಟ್ಟಡಕ್ಕೆ ತಂಗಿ. ಡಾಕ್ಟರೇಟ್ ಬಂದ ಮೇಲಾದರೂ ಈ ಬಿರುದು ಹೋದೀತು ಎಂದುಕೊಂಡಿದ್ದಳು, ಹೋಗಲಿಲ್ಲ.

ಅವರ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಪೆನ್ಸಿಲ್ಲಿನ ಸೀಸದಲ್ಲಿರುವ ಇಂಗಾಲವನ್ನೇ ಒಂದೇ ಒಂದು ಪರಮಾಣುವಿನಷ್ಟು ತೆಳ್ಳಗೆ ಹಾಸಿದರೆ ಅದು ಗ್ರಾಫೀನ್. ಉಗುರಿನಗಲದ ಬಿಲ್ಲೆಯ ಮೇಲೆ ಆ ಹಾಳೆಯನ್ನು ಕೂರಿಸಬೇಕು. ಹೊಟ್ಟೆ ಕೆಡಿಸುವ ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಅದರ ಮೈಮೇಲೆ ಕೊಕ್ಕೆಗಳ ಹಾಗೆ ಅಂಟಿಸಬೇಕು. ಹಾಳೆಯಲ್ಲಿ ಸಣ್ಣಗೆ ವಿದ್ಯುತ್ ಹರಿಯುತ್ತಿರುತ್ತದೆ. ಮೇಲೆ ಬಿಟ್ಟ ನೀರಿನ ಹನಿಯಲ್ಲಿ ಆ ಬ್ಯಾಕ್ಟೀರಿಯಾ ಇದ್ದು ಕೊಕ್ಕೆಗೆ ಸಿಕ್ಕಿತೋ, ವಿದ್ಯುತ್ತು ಏರುಪೇರಾಗುತ್ತದೆ, ಗೆರೆ ಹಾರುತ್ತದೆ, ಪೆಟ್ಟಿಗೆ ಕೂಗುತ್ತದೆ. ಅದಕ್ಕೇ ಪೆಟ್ಟಿಗೆಗೆ ಚಾಡಿಕೋರ ಎಂದು ಹೆಸರು. ಹಳೆಯ ಪದ್ಧತಿಯಂತೆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಲು ಮರುದಿನದವರೆಗೆ ಕಾಯಬೇಕು. ಚಾಡಿಕೋರನಾದರೆ ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ಹೇಳಿಬಿಡುತ್ತಾನೆ. ಇದು ಗೆದ್ದರೆ ಮುಂದೆ ವೈರಸ್ಸುಗಳಿಗೂ ಕೊಕ್ಕೆ ಹಾಕಬೇಕೆಂಬ ಆಸೆ ಅವರದು.

ಆದರೆ ಇಲ್ಲದ್ದನ್ನು ಇಲ್ಲ ಎನ್ನಲು ಬಾರದವನು ಇದ್ದದ್ದನ್ನು ಇದೆ ಎಂದರೆ ಯಾರು ನಂಬುತ್ತಾರೆ? ಅದಕ್ಕೇ ಪ್ರತಿ ಪರೀಕ್ಷೆಯ ಜೊತೆಗೂ ಏನೇನೂ ಇಲ್ಲದ ಶುದ್ಧ ನೀರಿನದೊಂದು ಹನಿ ಇಡುತ್ತಿದ್ದರು. ಪ್ರಯೋಗಾಲಯದ ಮನೆಮಾತಿನಲ್ಲಿ ಅದು ‘ಬರೀ ನೀರು’. ಬರೀ ನೀರಿಗೆ ಗೆರೆ ಅಲುಗಬಾರದು. ಮೊದಮೊದಲು ಅಲುಗುತ್ತಲೂ ಇರಲಿಲ್ಲ. ಇತ್ತೀಚೆಗೆ ಮಾತ್ರ ಚಾಡಿಕೋರನಿಗೆ ದೆವ್ವ ಮೆಟ್ಟಿದಂತಾಗಿತ್ತು, ಬರೀ ನೀರು ಕಂಡರೂ ಕೂಗು. ತಂಗಿ ಬಿಲ್ಲೆ ಬದಲಾಯಿಸಿದಳು, ಕೊಕ್ಕೆ ಬದಲಾಯಿಸಿದಳು, ತಂತಿ ಬದಲಾಯಿಸಿದಳು. ಕೊನೆಗೆ ತನ್ನ ತಲೆಯೇ ಸರಿಯಿಲ್ಲವೇನೋ ಎಂಬಲ್ಲಿಗೆ ಬಂದಿದ್ದಳು.

ಅಷ್ಟರಲ್ಲಿ ಫೋನು ಬಂತು. ಅಕ್ಕ.

“ಸಾಯಂಕಾಲ ಅಪ್ಪ ಅಮ್ಮಂದಿರ ಸಭೆ ನೆನಪಿದೆ ತಾನೆ? ನೀನೂ ಬಾರೇ ಪುಟ್ಟಿ. ಇವತ್ತು ಇನ್ನಿಬ್ಬರು ಮಕ್ಕಳಿಗೆ ಭೇದಿ ಅಂತೆ. ಆ ಅವಳಿ ಮಕ್ಕಳ ತಾಯಿ ಇದಾಳಲ್ಲ, ಎಲ್ಲರ ಹತ್ರಾನೂ ಮಾತಾಡಿ ಮುಗಿಸಿದಾಳೆ. ನನ್ನ ಅಡುಗೆಮನೆ ಗಲೀಜು, ನನ್ನ ಕೈ ಗಲೀಜು, ಬೀಗ ಹಾಕ್ಸಿ ಅಂತ. ದಿನಕ್ಕೆ ಎಷ್ಟು ಸಲ ಕೈ ತೊಳೀತೀನಿ ಅಂದ್ರೆ ಚರ್ಮ ಸುಲಿದು ಹೋಗಿದೆ ಕಣೇ.” ಅಕ್ಕನ ದನಿ ಒಡೆಯಿತು. “ಇಷ್ಟು ವರ್ಷ ಒಂದು ಮಗು ಕೆಮ್ಮಿದ್ರೂ ನಿದ್ದೆ ಮಾಡಿಲ್ಲ ನಾನು.”

“ಬರ್ತೀನಕ್ಕ. ಅಳಬೇಡ.” ಇನ್ನೇನು ಹೇಳಬೇಕೋ ತೋಚದೆ, “ನನ್ನ ಯಂತ್ರಾನೂ ಹಾಳಾಗೋಗಿದೆ” ಎಂದಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಅಳುವಿನ ನಡುವೆಯೇ ಕುಟುಕಿ ಅಕ್ಕ ಫೋನಿಟ್ಟಳು. ಅಕ್ಕಂದಿರಿಗೆ ಅಳುವಾಗಲೂ ಇದೊಂದು ಮರೆಯುವುದಿಲ್ಲ.

ಮೇಜಿನ ಆ ಬದಿಯಿಂದ ಹೊಸ ಸೊಸೆ ಎದ್ದು ನಿಂತ. ಹೊಸ ಸೊಸೆ ಎಂದರೆ ಡಾಕ್ಟರೇಟ್ ಪಡೆದ, ಗಡ್ಡ ಬಿಟ್ಟ ಆರಡಿ ಎತ್ತರದ ಗಂಡಾಳು. ಪ್ರಯೋಗಾಲಯಕ್ಕೆ ಕೊನೆಗೆ ಬಂದವರನ್ನು, ಅವರಿಗಿಂತ ಹೊಸಬರು ಬರುವವರೆಗೆ, ಹಾಗೇ ಕರೆಯುವುದು ಅಲ್ಲಿಯ ರೂಢಿ. ಅವನೂ ಬೇಸರಿಸಿಕೊಳ್ಳದೆ ಓಗೊಡುತ್ತಿದ್ದ.

“ಬಾಟಲಿ ಖಾಲಿ ಆಗಿದೆ ಮೇಡಂ. ಹೊಸದಾಗಿ ಬರೀ ನೀರು ತರ್ತೀನಿ, ಇನ್ನೊಂದ್ಸಲ ನೋಡೋಣ.”

“ತನ್ನಿ. ನಾನೂ ಬರ್ತೀನಿ, ಒಂದು ಕಾಫಿ ಕುಡಿದೇ ಇದ್ರೆ ಇದನ್ನ ಕಿಟಕಿಯಿಂದ ಆಚೆ ಎಸೆದುಬಿಡ್ತೀನಿ.”

ಓಣಿಯ ತುದಿಯಲ್ಲಿ, ಬಟ್ಟಿ ಇಳಿಸಿ ಮುಚ್ಚಿಟ್ಟ ನೀರಿನ ಡಬ್ಬಗಳ ಕಪಾಟಿತ್ತು. ಅದರ ಪಕ್ಕದಲ್ಲೇ ಕಟ್ಟಡದವರು ಹೊಸದಾಗಿ ತಂದಿಟ್ಟ ಕಾಫಿ ಯಂತ್ರ, ನೆತ್ತಿಯ ಮೇಲೆ ಹಸಿರು ದೀಪ, ಎದೆಯ ಮೇಲೆ ‘ನೂರಕ್ಕೆ ನೂರು ಶುದ್ಧ’ ಎಂಬ ಬರಹ. ತಂಗಿ ಕಪಾಟಿನ ಬಾಗಿಲು ತೆಗೆಯಲು ದಾರಿ ಬಿಟ್ಟು ನಿಂತಳು. ಹೊಸ ಸೊಸೆ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಯಂತ್ರದ ಮುಂದೆ ಬಗ್ಗಿ, ಬಾಟಲಿಯನ್ನು ನಲ್ಲಿಯ ಕೆಳಗಿಟ್ಟು, ಗುಂಡಿ ಒತ್ತಿದ.

ಗುಂಡಿಗಳು ಮೂರು. ಮೊದಲನೆಯದರ ಮೇಲೆ ‘ಕಾಫಿ’ ಎಂದಿತ್ತು. ಎರಡನೆಯದರ ಮೇಲೆ ‘ಟೀ’. ಅವನು ಒತ್ತಿದ ಮೂರನೆಯದರ ಮೇಲೆ ದುಂಡಗಿನ ಅಕ್ಷರಗಳಲ್ಲಿ ‘ಬರೀ ನೀರು’ ಎಂದಿತ್ತು.

ತಂಗಿ ಆ ಅಕ್ಷರಗಳನ್ನು ಇನ್ನೊಮ್ಮೆ ಓದಿದಳು.

“ರೀ ಪುಣ್ಯಾತ್ಮ! ಏನ್ರೀ ಮಾಡ್ತಿದೀರಾ?”

“ಬರೀ ನೀರು ಮೇಡಂ...”

“ಯಾವತ್ತಿಂದ?”

“ಬಂದಾಗಿನಿಂದ. ನೀವೇ ಹೇಳಿದ್ರಲ್ಲ, ಮೊದಲನೇ ದಿನ. ಓಣಿ ಕೊನೇಲಿ ಬರೀ ನೀರು ಇದೆ, ತಗೊಳ್ಳಿ ಅಂತ.” ಅವನ ಬೆರಳು ಗುಂಡಿಯ ಮೇಲೇ ಇತ್ತು. “ನೂರಕ್ಕೆ ನೂರು ಶುದ್ಧ ಅಂತ ಬೇರೆ ಬರೆದಿದಾರೆ. ನಾನು... ಅಯ್ಯೋ.”

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಉಕ್ಕಿ ಬಂತು. ನಗು ಎಂದರೆ ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಗು. ಅವನ ಡಾಕ್ಟರೇಟಿಗೂ ತನ್ನ ಡಾಕ್ಟರೇಟಿಗೂ ಸೇರಿಸಿ ನಕ್ಕಳು. ಆಮೇಲೆ ಕಪಾಟಿನಿಂದ ಒಂದು ಡಬ್ಬ ಎತ್ತಿಕೊಂಡು, ಕಾಫಿಯನ್ನೂ ಮರೆತು, ಓಡಿದಳು. ಹಿಂದೆ ಹೊಸ ಸೊಸೆ ದಡಬಡ ಓಡಿ ಬಂದ.

ಹೊಸ ಬಿಲ್ಲೆ, ನಿಜವಾದ ಬರೀ ನೀರು, ಒಂದು ಹನಿ. ಮೂವರೂ ಪರದೆಗೆ ಮೂಗು ತಾಗಿಸಿ ನಿಂತರು. ಗೆರೆ ಹೊರಟಿತು, ಹೋಯಿತು, ಹೋಗುತ್ತಲೇ ಇತ್ತು. ಹಿಟ್ಟು ನಾದುವ ಹಲಗೆಯ ಹಾಗೆ ಮಟ್ಟಸ. ಚಾಡಿಕೋರ ತುಟಿ ಪಿಟಕ್ಕೆನ್ನಲಿಲ್ಲ.

“ಸುಳ್ಳು ಹೇಳೇ ಇಲ್ಲ ಸಾರ್ ಇವನು!” ತಂಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಒಂದ್ಸಲಾನೂ ಹೇಳಿಲ್ಲ! ನಾವೇ ಕಿವುಡರು!” ಪೆಟ್ಟಿಗೆಯನ್ನು ಎತ್ತಿ ಅದರ ನೆತ್ತಿಗೆ ಲೊಚಕ್ಕನೆ ಮುತ್ತು ಕೊಟ್ಟಳು. ಹೊಸ ಸೊಸೆ ಬೈಗುಳ ತಪ್ಪಿದ ಖುಷಿಗೆ ಚಪ್ಪಾಳೆ ಹೊಡೆದ. ಮೇಷ್ಟ್ರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು.

“ಹಾಗಾದ್ರೆ ಆ ಯಂತ್ರದ ನೀರಲ್ಲಿ ಏನಿದೆ?”

ತಂಗಿಯ ಕೈಯಲ್ಲಿದ್ದ ಪೆಟ್ಟಿಗೆ ಮೆಲ್ಲನೆ ಮೇಜಿಗಿಳಿಯಿತು. ಕಟ್ಟಡದವರು ಕಾಫಿ ಯಂತ್ರ ತಂದ ದಿನವೇ ನೀರು ಸೋಸುವ ಅದರ ಶೋಧಕದಿಂದಲೇ ಒಂದು ಕೊಳವೆ ಕೆಳಗೆ ಎಳೆದಿದ್ದರು. ಶಿಶುವಿಹಾರದ ಕುಡಿಯುವ ನೀರಿನ ನಲ್ಲಿಗೆ. ದೊಡ್ಡವರು ಯಂತ್ರದಿಂದ ಕುಡಿಯುತ್ತಿದ್ದದ್ದು ಕುದಿಯುವ ಕಾಫಿ, ಟೀ. ತಣ್ಣೀರು ಕುಡಿಯುತ್ತಿದ್ದವರು ಮಕ್ಕಳೇ.

ಅದಕ್ಕೂ ಮೊದಲು ಅಕ್ಕ ದಿನಾ ಬೆಳಿಗ್ಗೆ ದೊಡ್ಡ ಪಾತ್ರೆ ತುಂಬ ನೀರು ಕಾಯಿಸಿ ಆರಿಸಿಡುತ್ತಿದ್ದಳು. “ಈ ಕಾಲದಲ್ಲೂ ಯಾರಾದ್ರೂ ನೀರು ಕಾಯಿಸ್ತಾರಾ? ಒಳ್ಳೇ ಮುದುಕಿ ಥರ ಆಡ್ತೀಯಲ್ಲೇ” ಎಂದು ಗೇಲಿ ಮಾಡಿ ಅದನ್ನು ಬಿಡಿಸಿದವಳು ಬೇರೆ ಯಾರೂ ಅಲ್ಲ, ಓದಿದ ತಂಗಿ.

ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದಳು.

“ಅಕ್ಕಾ! ನಲ್ಲಿ ನಿಲ್ಸು! ಯಾರಿಗೂ ಕುಡಿಯಕ್ಕೆ ಕೊಡ್ಬೇಡ!”

ಮಕ್ಕಳು ಮಲಗಿದ್ದ ಹೊತ್ತು. ಅಕ್ಕ ಬಾಯಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದಳು. ತಂಗಿ ಪಿಸುಮಾತಿನಲ್ಲೇ ಎಲ್ಲ ಒದರಿದಳು, ಅರ್ಧ ಹಿಂದುಮುಂದಾಗಿ. ಅಕ್ಕನಿಗೆ ಬಿಲ್ಲೆಯೂ ಗೊತ್ತಾಗಲಿಲ್ಲ, ಕೊಕ್ಕೆಯೂ ಗೊತ್ತಾಗಲಿಲ್ಲ. ನೀರು ಎಂಬುದೊಂದು ಗೊತ್ತಾಯಿತು.

“ಕಾಯಿಸೋದು ಬೇಡ ಅಂದವಳು ನೀನು” ಎಂದಳು ಕೊನೆಗೆ.

“ಹೌದಕ್ಕ.”

“ನಿನ್ನ ಮಾತು ಕೇಳಿ ಕೆಟ್ಟೆ ನಾನು.”

“ಹೂಂ. ಬೈಯೋದಾದ್ರೆ ಆಮೇಲೆ ಬೈಯಿ. ಪಾತ್ರೆ ಎಲ್ಲಿ?”

ಪಾತ್ರೆ ಮೂಲೆಯಲ್ಲಿತ್ತು, ತುಂಬ ಮರದ ಆಟಿಕೆಗಳು. ಅಕ್ಕ ಅಷ್ಟನ್ನೂ ಚಾಪೆಯ ಮೇಲೆ ಸುರುವಿ, ಪಾತ್ರೆ ಉಜ್ಜಿ ಉಜ್ಜಿ ತೊಳೆದು ಒಲೆಗಿಟ್ಟಳು. ತಂಗಿ ನಲ್ಲಿಯ ನೀರನ್ನು ಬಾಟಲಿಗೆ ಹಿಡಿದುಕೊಂಡು ಮೇಲೆ ಓಡಿದಳು. ಕೂಗಿತು. ಕಾಯಿಸಿ ಆರಿಸಿದ ನೀರು ಹಿಡಿದುಕೊಂಡು ಮತ್ತೆ ಓಡಿದಳು. ಕೂಗಲಿಲ್ಲ, ಬೆಂದು ಮೈ ಕೆಟ್ಟ ಬ್ಯಾಕ್ಟೀರಿಯಾ ಕೊಕ್ಕೆಗೆ ಸಿಗುವುದಿಲ್ಲ. ಖಾತ್ರಿಗೆಂದು ಮೂರನೆಯ ಸಲ ನೀರು ಹಿಡಿದು ಹತ್ತುವಾಗ ಏದುಸಿರು, ಮುಖ ಮಾತ್ರ ಅರಳಿತ್ತು. ಅಷ್ಟು ಭಯ, ಅಷ್ಟು ಸಂತೋಷ ಎರಡೂ ಒಟ್ಟಿಗೇ ಎದೆಯೊಳಗೆ ಹಿಡಿಸುವುದುಂಟೇ ಎಂದು ಅವಳಿಗೇ ಆಶ್ಚರ್ಯವಾಗಿತ್ತು.

ಮೇಷ್ಟ್ರು ಅವಳು ತಂದ ನೀರನ್ನೆಲ್ಲ ತಟ್ಟೆಗಳಿಗೂ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. “ನಾಳೆ ತಟ್ಟೆ ನೋಡೋವರೆಗೂ ಬಾಯಿ ಬಿಡಬೇಡಮ್ಮ. ಇದು ಸುಳ್ಳುಬುರುಕ ಅಂತ ಇಷ್ಟು ದಿನ ನಾವೇ ಊರಿಗೆಲ್ಲ ಹೇಳ್ಕೊಂಡು ಬಂದಿದೀವಿ. ಈಗ ದಿಢೀರನೆ ಸತ್ಯಹರಿಶ್ಚಂದ್ರ ಅಂದ್ರೆ ಯಾರು ನಂಬ್ತಾರೆ?”

“ನಾಳೆ ಹೊತ್ತಿಗೆ ಅಕ್ಕನ ಬಾಗಿಲಿಗೆ ಬೀಗ ಬಿದ್ದಿರತ್ತೆ ಸಾರ್.”

ಮೇಷ್ಟ್ರು ಸಭೆಗೆ ಒಯ್ಯಲೆಂದು ಚಾಡಿಕೋರನ ತಂತಿಗಳನ್ನು ತಾವೇ ಸುತ್ತತೊಡಗಿದರು.

ಸಭೆ ಶಿಶುವಿಹಾರದಲ್ಲೇ. ಕುರ್ಚಿಗಳು ಮಕ್ಕಳವು, ಮೊಣಕಾಲೆತ್ತರದವು. ಕಚೇರಿಯ ಉಡುಪಿನ ತಂದೆ ತಾಯಂದಿರೆಲ್ಲ ಅವುಗಳ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಮುದುಡಿ ಕೂತಿದ್ದರು. ಕೂತ ಭಂಗಿಗೂ ಮುಖದ ಗಾಂಭೀರ್ಯಕ್ಕೂ ತಾಳಮೇಳವಿರಲಿಲ್ಲ. ಮಕ್ಕಳು ಮೂಲೆಯಲ್ಲಿ ಚಾಪೆಯ ಮೇಲಿನ ಆಟಿಕೆಗಳ ರಾಶಿಗೆ ಬಿದ್ದಿದ್ದರು. ಅವಳಿ ಮಕ್ಕಳ ತಾಯಿಯೊಬ್ಬಳೇ ಕೂರದೆ ನಿಂತಿದ್ದಳು. ಮೂರನೇ ಮಹಡಿಯಲ್ಲಿ ಅವಳದು ಲೆಕ್ಕ ತಪಾಸಣೆಯ ಕೆಲಸ. ಬೇರೆಯವರ ತಪ್ಪು ಹುಡುಕಿ ಸಂಬಳ ಎಣಿಸುವವಳು ಎಂದು ಮೇಲಿನವರು ಆಡಿಕೊಳ್ಳುತ್ತಿದ್ದರು. ಆದರೆ ಈ ವಾರ ಅವಳ ಕಣ್ಣ ಸುತ್ತ ಕಪ್ಪಾಗಿತ್ತು. ಇಬ್ಬರು ಮಕ್ಕಳನ್ನೂ ಎರಡು ತೋಳಲ್ಲಿ ಹೊತ್ತು ಆಸ್ಪತ್ರೆಗೆ ಅಲೆದವಳು.

ತಂಗಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಗುಂಡಿಯ ಕಥೆಗೆ ಇಬ್ಬರು ಅಪ್ಪಂದಿರು ನಕ್ಕರು. ಅವಳಿ ಮಕ್ಕಳ ತಾಯಿ ನಗಲಿಲ್ಲ.

“ಕಥೆ ಚೆನ್ನಾಗಿದೆ ರೀ. ಯಂತ್ರ ನಿಮ್ಮದು, ಅಡುಗೆಮನೆ ನಿಮ್ಮಕ್ಕಂದು. ಅಕ್ಕನ ತಪ್ಪಿಲ್ಲ ಅಂತ ತಂಗಿ ಯಂತ್ರ ಹೇಳ್ತು. ಇದನ್ನ ನಾನು ನಂಬ್ಬೇಕು, ಅಲ್ವಾ?”

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ತಂಗಿಯ ಮುಖ ಕೆಂಪಾಯಿತು. “ನಂಬಬೇಡಿ. ನೀವೇ ಪರೀಕ್ಷೆ ಮಾಡಿ. ಒಳಗೆ ಹೋಗಿ ಮೂರು ಲೋಟ ತುಂಬ್ಕೊಂಡು ಬನ್ನಿ. ಒಂದಕ್ಕೆ ನಲ್ಲಿ ನೀರು, ಎರಡಕ್ಕೆ ಪಾತ್ರೇಲಿ ಕಾಯಿಸಿ ಆರಿಸಿರೋ ನೀರು. ಯಾವುದು ಯಾವುದು ಅಂತ ಯಾರಿಗೂ ಹೇಳ್ಬೇಡಿ. ನಲ್ಲಿ ನೀರಿನ ಲೋಟ ಯಾವುದು ಅಂತ ನಾನು ಹೇಳ್ತೀನಿ.”

“ತಪ್ಪಾದ್ರೆ?”

ತಂಗಿ ಉತ್ತರ ಕೊಡುವ ಮೊದಲೇ ಅಕ್ಕ ಮೂಲೆಯಿಂದ ಹೇಳಿದಳು: “ತಪ್ಪಾದ್ರೆ ಬೀಗದ ಕೈ ನಿಮ್ಮ ಕೈಗೇ ಕೊಡ್ತೀನಿ.”

ಅವಳಿ ಮಕ್ಕಳ ತಾಯಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಂದಾಗ ತಟ್ಟೆಯಲ್ಲಿ ಮಕ್ಕಳ ಮೂರು ಲೋಟಗಳು. ಒಂದರ ಮೇಲೆ ಮೀನು, ಒಂದರ ಮೇಲೆ ಹಕ್ಕಿ, ಒಂದರ ಮೇಲೆ ಆಮೆಯ ಚಿತ್ರ. ನೀರು ಮೂರರಲ್ಲೂ ತಿಳಿಯಾಗಿತ್ತು, ಒಂದೇ ಥರ ಹೊಳೆಯುತ್ತಿತ್ತು.

ಮೊದಲು ಮೀನು. ಹನಿ ಬಿಟ್ಟದ್ದೇ ತಡ, ಎಲ್ಲರ ಕುತ್ತಿಗೆಗಳೂ ಪರದೆಯತ್ತ ಚಾಚಿದವು. ಗೆರೆ ಸ್ವಲ್ಪ ದೂರ ಸುಮ್ಮನೆ ಹೋಯಿತು, ಥಟ್ಟನೆ ಹಾರಿತು. ಕುಂಯ್!

“ಅಬ್ಬಾ!” ಎಂದು ಹಿಂದೆ ಕೂತಿದ್ದ ಅಪ್ಪನೊಬ್ಬ ಎದ್ದುಬಿಟ್ಟ. ಅವನೊಂದಿಗೆ ಪುಟ್ಟ ಕುರ್ಚಿಯೂ ಅಂಟಿಕೊಂಡು ಎದ್ದಿತು. ಬೇರೆ ದಿನವಾಗಿದ್ದರೆ ಮನೆ ಹಾರುವಷ್ಟು ನಗು ಬೀಳುತ್ತಿತ್ತು.

ಎರಡನೆಯದು ಹಕ್ಕಿ. ಹೊಸ ಬಿಲ್ಲೆ, ಹೊಸ ಹನಿ. ಗೆರೆ ನೆಟ್ಟಗೆ ಹೋಯಿತು. ಚಾಡಿಕೋರ ಮೌನ. ಅಕ್ಕನ ಎದೆಯಿಂದ ಉಸಿರು ಹೊರಬಂದದ್ದು ತಂಗಿಗೆ ಕೇಳಿಸಿತು. ಗೆದ್ದೆವು! ಇನ್ನು ಆಮೆ ಹೆಸರಿಗೆ ಮಾತ್ರ. ಹೊಸ ಸೊಸೆ ಆಗಲೇ ಹಲ್ಲು ಕಿರಿಯತೊಡಗಿದ್ದ.

ಆಮೆಗೆ ಹನಿ ಬಿಟ್ಟಳು. ಗೆರೆ ಹೋಯಿತು. ಹೋಯಿತು. ಹಾರಿತು.

ಕುಂಯ್ ಕುಂಯ್ ಕುಂಯ್.

ತಂಗಿ ಬಿಲ್ಲೆಯನ್ನೂ ತಂತಿಯನ್ನೂ ಮುಟ್ಟಿ ಮುಟ್ಟಿ ನೋಡಿದಳು. ನಲ್ಲಿ ನೀರು ಒಂದೇ ಲೋಟದಲ್ಲಿರಬೇಕು. ಎರಡು ಹೇಗೆ ಕೂಗಿದವು? ಬಿಲ್ಲೆ ಕೆಟ್ಟಿತೇ? ಓಡಾಟದಲ್ಲಿ ತಂತಿ ಸಡಿಲವಾಯಿತೇ? ಅಥವಾ ಇವನು ನಿಜಕ್ಕೂ ಸುಳ್ಳುಬುರುಕನೇ, ಮಧ್ಯಾಹ್ನದ ಕುಣಿತವೆಲ್ಲ ಹುಚ್ಚೇ? ಹೊಸ ಸೊಸೆ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ: “ಮೀನಿಗೇ ಜಾಸ್ತಿ ಹಾರಿದೆ ಮೇಡಂ. ಮೀನು ಅಂದ್ಬಿಡಿ. ಆಮೆದು ಸ್ವಲ್ಪ ಕಮ್ಮಿ ಇದೆ, ಏನೋ ಒಂದು ಹೇಳಬಹುದು.”

ಹೇಳಬಹುದಿತ್ತು. ಮೀನು ಎಂದರೆ ಲೆಕ್ಕ ಸರಿಹೋಗುತ್ತಿತ್ತು, ಒಂದೇ ಲೋಟ. ಅಕ್ಕ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದಳು. ಸುಲಿದ ಚರ್ಮ ಯಾರಿಗೂ ಕಾಣಬಾರದೆಂದು. ತಂಗಿ ಚಾಡಿಕೋರನನ್ನು ನೋಡಿದಳು. ವಾರಗಟ್ಟಲೆ ಇವನು ನಿಜವನ್ನೇ ಕೂಗಿದ್ದ, ತಾನು ಮಾತ್ರ ಹೀಗಲ್ಲ ಹಾಗಿರಬೇಕಿತ್ತು ಎಂದು ಅವನ ಬಾಯಿ ಮುಚ್ಚಿಸಿದ್ದಳು. ಅಷ್ಟು ದಿನವೂ ಕೆಳಗೆ ಮಕ್ಕಳು ಅದೇ ನೀರು ಕುಡಿದಿದ್ದರು.

“ಮೀನು ಕೆಟ್ಟಿದೆ” ಎಂದಳು. “ಆಮೆನೂ ಕೆಟ್ಟಿದೆ. ಹಕ್ಕಿ ಒಂದೇ ಒಳ್ಳೇ ನೀರು.”

ಕೋಣೆಯಲ್ಲಿ ಗುಜುಗುಜು ಎದ್ದಿತು. “ಒಂದೇ ಲೋಟ ಅಂದಿದ್ರಲ್ಲ?” “ಎರಡು ಹೇಗ್ರೀ?” ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಅಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಯನ್ನು ಮೆಲ್ಲಗೆ ಬಿಚ್ಚತೊಡಗಿದಳು.

“ಗಟ್ಟಿಯಾಗಿ ಹೇಳ್ತಿದೀರಾ?” ಎಂದಳು ಅವಳಿ ಮಕ್ಕಳ ತಾಯಿ. “ಒಂದೇ ಲೋಟಕ್ಕೆ ಹಾಕಿ ಅಂತ ಹೇಳಿದ್ದು ನೀವೇ.”

“ಹೌದು. ನನಗೂ ಅರ್ಥ ಆಗ್ತಿಲ್ಲ. ಆದ್ರೆ ಇದು ಎರಡು ಅಂತಿದೆ. ಎರಡೇ.”

ಇಡೀ ಸಾಯಂಕಾಲ ನಿಂತೇ ಇದ್ದ ಅವಳಿ ಮಕ್ಕಳ ತಾಯಿ ಹತ್ತಿರದ ಪುಟ್ಟ ಕುರ್ಚಿಯ ಮೇಲೆ ಕುಸಿದು ಕೂತಳು.

“ಎರಡಕ್ಕೂ ನಾನೇ ಹಾಕಿದ್ದು” ಎಂದಳು. “ಮೀನಿಗೂ ಆಮೆಗೂ ನಲ್ಲಿದೇ. ಒಂದು ಅಂದ್ರೆ ಯಾರು ಬೇಕಾದ್ರೂ ಊಹೆ ಮಾಡ್ಬಹುದು. ಅದಕ್ಕೇ...” ಮಕ್ಕಳಿದ್ದ ಮೂಲೆಯತ್ತ ನೋಡಿದಳು. “ನನ್ನ ಮನೇಲಿ ಕಾಯಿಲೆ ಬಿದ್ದಿರೋದೂ ಎರಡೇ ತಾನೆ?”

ಎಲ್ಲರೂ ಒಟ್ಟಿಗೇ ಮಾತಾಡಿದರು. ಹೊಸ ಸೊಸೆ “ಓ!” ಎಂದು ಕಿರುಚಿ ಮೇಷ್ಟ್ರನ್ನು ತಬ್ಬಿಕೊಂಡ, ಮೇಷ್ಟ್ರ ಕನ್ನಡಕ ಹಾರಿ ಆಟಿಕೆಗಳ ರಾಶಿಗೆ ಬಿತ್ತು. ಯಾರೋ ಯಂತ್ರದ ಪ್ಲಗ್ಗು ಕೀಳಲು ಮೇಲೆ ಓಡಿದರು, ಯಾರೋ ಕಟ್ಟಡದವರಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದರು. ತಂಗಿ ಅಕ್ಕನ ಕೈಗಳನ್ನು ಸೆರಗಿನಿಂದ ಹೊರಗೆಳೆದು ಹಿಡಿದುಕೊಂಡು, ಅಳುತ್ತಲೂ ನಗುತ್ತಲೂ, ಎಷ್ಟು ಕುಲುಕಿದಳೆಂದರೆ ಬೀಗದ ಕೈ ಠಣ್ಣನೆ ನೆಲಕ್ಕೆ ಬಿತ್ತು. “ಬಿಡೇ, ಉರಿಯತ್ತೆ” ಎಂದಳು ಅಕ್ಕ. ತಾನು ಮಾತ್ರ ಕೈ ಬಿಡಲಿಲ್ಲ.

ಈ ಗದ್ದಲಕ್ಕೆ ಮೂಲೆಯ ಮಕ್ಕಳು ಆಟ ಬಿಟ್ಟು ನೋಡುತ್ತಿದ್ದವು. ಅವಳಿಗಳಲ್ಲಿ ಒಂದು ಎದ್ದು ಬಂದು ತಾಯಿಯ ಮೊಣಕಾಲು ಹಿಡಿದುಕೊಂಡಿತು.

“ಅಮ್ಮಾ, ನೀರು.”

ಮೇಜಿನ ಮೇಲೆ ಮೂರು ಲೋಟಗಳು. ತಾಯಿ ಅವುಗಳನ್ನು ನೋಡಿದಳು. ಕೈ ಮುಂದೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಹಕ್ಕಿಯ ಲೋಟವನ್ನು ಎತ್ತಿ ಮಗುವಿನ ಕೈಗಿಟ್ಟಳು. ಮಗು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯಿತು. ಅದರ ಗಂಟಲು ಮೇಲೆ ಕೆಳಗೆ ಆಡುವುದನ್ನು ಅಷ್ಟೂ ಜನ ನೋಡುತ್ತ ನಿಂತರು.

ಖಾಲಿ ಲೋಟ ಮೇಜಿಗೆ ಬರುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಪುಟ್ಟ ಕೈ ಚಾಚಿತ್ತು.

“ನಂಗೂ.”

ಅಕ್ಕ ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯ ಮುಚ್ಚಳ ತೆಗೆದಳು.